ಐವರಿಗೂ ಒಂದೇ ಪೆಟ್ಟಿಗೆ ಏಕೆ?

ಮಾನ್ಯ ಸಂಪಾದಕರೆ,

ಅಮೆರಿಕನ್ ಫುಟ್‌ಬಾಲ್ ಆಟಗಾರ ಈಲೈ ಮ್ಯಾನಿಂಗ್ ಅವರನ್ನು, ಆ ಆಟದ ಶ್ರೇಷ್ಠರನ್ನು ಸೇರಿಸಿಕೊಳ್ಳುವ ಗೌರವ ಭವನ ‘ಹಾಲ್ ಆಫ್ ಫೇಮ್’ ಎರಡನೇ ವರ್ಷವೂ ಹೊರಗೇ ನಿಲ್ಲಿಸಿದ್ದು ಅನ್ಯಾಯವೆಂಬ ಲೇಖನ ನಿಮ್ಮ ಕ್ರೀಡಾಪುಟದಲ್ಲಿತ್ತು. ಫುಟ್‌ಬಾಲ್ ಎಂದರೆ ಲೇಲೆ ಮೈದಾನದಲ್ಲಿ ಹುಡುಗರು ಕಾಲಿಂದ ಆಡುವ ಆಟವೆಂದೇ ತಿಳಿದ ಬೆಳಗಾವಿಯಲ್ಲಿ ಮೊಟ್ಟೆಯಾಕಾರದ ಚೆಂಡಿನ ಸುದ್ದಿಗೂ ಜಾಗ ಸಿಕ್ಕಿತಲ್ಲ, ಅದಕ್ಕೆ ಧನ್ಯವಾದ. ಅನ್ಯಾಯ ನಡೆದದ್ದೂ ನಿಜ. ಆದರೆ ಅದು ಆದದ್ದು ಮ್ಯಾನಿಂಗ್‌ಗಲ್ಲ.

ಎರಡು ಸೂಪರ್ ಬೌಲ್ (ಲೀಗ್‌ನ ಫೈನಲ್) ಗೆಲುವು, ಎರಡರಲ್ಲೂ ಪಂದ್ಯಶ್ರೇಷ್ಠ, ಇನ್ನೇನು ಬೇಕು ಎಂಬುದು ಲೇಖನದ ವಾದ. ಆಡಿದ 18 ಪಂದ್ಯಗಳನ್ನೂ ಗೆದ್ದು ಬಂದಿದ್ದ ನ್ಯೂ ಇಂಗ್ಲೆಂಡ್ ತಂಡವನ್ನು 2008ರ ಫೈನಲ್‌ನಲ್ಲಿ 17–14ರಿಂದ ಕೆಡವಿದ್ದು ಸಣ್ಣ ಮಾತಲ್ಲ. ಆದರೆ ಆ ಎರಡು ರಾತ್ರಿಗಳ ಆಚೆ 16 ಸೀಸನ್‌ಗಳಿವೆ. ಲೀಗ್ ಪಂದ್ಯಗಳಲ್ಲಿ ಅವರು ಆರಂಭಿಕ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ದಾಳಿ ನಡೆಸುವವ) ಆಗಿ ಗೆದ್ದದ್ದು 117, ಸೋತದ್ದೂ 117. ಮೂರು ಸೀಸನ್‌ಗಳಲ್ಲಿ ಎದುರಾಳಿಗಳ ಕೈಗೆ ಅತಿ ಹೆಚ್ಚು ಎಸೆತ ಒಪ್ಪಿಸಿದವರ ಪಟ್ಟಿಯಲ್ಲಿ ಅವರೇ ಮೇಲಿದ್ದರು, 2013ರಲ್ಲಂತೂ 27. ವರ್ಷದ ಶ್ರೇಷ್ಠ ತಂಡವೆನಿಸುವ ‘ಆಲ್ ಪ್ರೋ’ದಲ್ಲಿ ಒಮ್ಮೆಯೂ ಹೆಸರಿಲ್ಲ. ಎರಡು ಸೂಪರ್ ಬೌಲ್ ಗೆದ್ದರೆ ಸಾಕು ಎನ್ನುವುದಾದರೆ ಅಷ್ಟೇ ಗೆದ್ದ ಕ್ವಾರ್ಟರ್‌ಬ್ಯಾಕ್ ಜಿಮ್ ಪ್ಲಂಕೆಟ್ ಎಂದೋ ಒಳಗಿರಬೇಕಿತ್ತು. ಅವರಿನ್ನೂ ಹೊರಗೇ ಇದ್ದಾರೆ.

57,023 ಗಜಗಳ ಎಸೆತವೆಂಬ ಅಂಕಿಯನ್ನು ಲೇಖನ ದಪ್ಪಕ್ಷರದಲ್ಲಿ ಹಾಕಿದೆ. ಇಲ್ಲೇ ಬಹಳ ಜನ ಎಡವುವುದು. ಗಜಗಳನ್ನು ಕಾಲ ನೋಡದೆ ಹೋಲಿಸಬಾರದು. 1978ರಲ್ಲಿ ಎರಡು ಸಂಗತಿ ಒಟ್ಟಿಗೆ ಬದಲಾದವು: ಚೆಂಡು ಹಿಡಿಯಲು ಓಡುವವನನ್ನು ಐದು ಗಜ ದಾಟಿದ ಮೇಲೆ ರಕ್ಷಕ ತಳ್ಳುವಂತಿಲ್ಲ ಎಂಬ ನಿಯಮ ಬಂತು, ಸೀಸನ್ 14 ಪಂದ್ಯಗಳಿಂದ 16ಕ್ಕೆ ಏರಿತು. ಅದಾದ ಮೇಲೆ ಎಸೆತದ ಅಂಕಿಗಳು ಬೆಳೆಯುತ್ತಲೇ ಹೋದವು. ಸಿನ್ಸಿನಾಟಿಯ ಕ್ವಾರ್ಟರ್‌ಬ್ಯಾಕ್ ಕೆನ್ ಆಂಡರ್ಸನ್ 1971ರಿಂದ 1986ರವರೆಗೆ ಆಡಿದವರು. ಒಟ್ಟು ಗಜ 32,838. ಮ್ಯಾನಿಂಗ್ ಪಕ್ಕದಲ್ಲಿಟ್ಟರೆ ಬಡವನಂತೆ ಕಾಣುತ್ತಾರೆ. ಆದರೆ ತಮ್ಮ ಕಾಲದವರ ನಡುವೆ ನಾಲ್ಕು ಸೀಸನ್ ಎಸೆತದ ರೇಟಿಂಗ್‌ನಲ್ಲಿ ಮೊದಲಿಗರು: 1974, 1975, ಮತ್ತೆ 1981, 1982. ಅಂದರೆ ಹಳೆಯ ನಿಯಮದಲ್ಲೂ ಗೆದ್ದರು, ಹೊಸದರಲ್ಲೂ ಗೆದ್ದರು. 1981ರ ಲೀಗ್ ಶ್ರೇಷ್ಠ ಆಟಗಾರ. 1982ರಲ್ಲಿ ನೂರಕ್ಕೆ 70.6 ಎಸೆತ ಗುರಿ ಸೇರಿದ್ದು 2009ರವರೆಗೂ ದಾಖಲೆಯಾಗಿತ್ತು. ಅವರಿಗೆ ಇಲ್ಲದ್ದು ಒಂದೇ, ಟ್ರೋಫಿ. ಆಡಿದ ಒಂದೇ ಸೂಪರ್ ಬೌಲ್‌ನಲ್ಲಿ 26–21ರಿಂದ ಸೋತರು.

ಅಂಕಿಯೇ ಇಲ್ಲದವರ ಪಾಡು ಇನ್ನೂ ಕಷ್ಟ. ಕಬಡ್ಡಿಯಲ್ಲಿ ಕಾರ್ನರ್ ಆಟಗಾರ ರೈಡರ್‌ನ ಕಾಲು ಹಿಡಿದರೆ ಪಾಯಿಂಟ್ ಅವನ ಹೆಸರಿಗೆ ಬೀಳುತ್ತದೆ. ಓಡುವ ದಾರಿಗೆ ಅಡ್ಡ ನಿಂತ ಕವರ್ ಆಟಗಾರನ ಹೆಸರು ಹಾಳೆಯಲ್ಲಿ ಇರುವುದಿಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಮುಂದಿನ ಸಾಲಲ್ಲಿ ನಿಂತು ಸೆಣಸುವ ಲೈನ್‌ಮನ್‌ಗಳದ್ದೂ ಅದೇ ಕಥೆ. ಎಲ್.ಸಿ. ಗ್ರೀನ್‌ವುಡ್ ಪಿಟ್ಸ್‌ಬರ್ಗ್ ಪರ 1969ರಿಂದ 1981ರವರೆಗೆ ಆಡಿ ನಾಲ್ಕು ಸೂಪರ್ ಬೌಲ್ ಗೆದ್ದ ರಕ್ಷಕ. ಕ್ವಾರ್ಟರ್‌ಬ್ಯಾಕ್‌ನನ್ನು ಚೆಂಡು ಎಸೆಯುವ ಮೊದಲೇ ಕೆಡಹುವ ‘ಸ್ಯಾಕ್’ ಅನ್ನು ಲೀಗ್ ಅಧಿಕೃತವಾಗಿ ಎಣಿಸತೊಡಗಿದ್ದು 1982ರಲ್ಲಿ. ಇವರು ಬೂಟು ಬಿಚ್ಚಿದ ಮರುವರ್ಷ!

ಈಗ ಮತಪೆಟ್ಟಿಗೆಗೆ ಬರೋಣ. ಲೇಖನ ಮುಟ್ಟದೇ ಬಿಟ್ಟದ್ದು ಇದನ್ನೇ. ಆಯ್ಕೆ ಸಮಿತಿಯಲ್ಲಿ 50 ಜನ, ಬಹುಪಾಲು ಪತ್ರಕರ್ತರು (ತಪ್ಪು ತಿಳಿಯಬೇಡಿ). ಇತ್ತೀಚಿನ ಆಟಗಾರರ ಸಾಲು ಬೇರೆ. ನಿವೃತ್ತಿಯಾಗಿ ಐದು ವರ್ಷ ಕಳೆದವರ ಪಟ್ಟಿ 50, 25, 15, 10, 7 ಎಂದು ಇಳಿಯುತ್ತದೆ. ಉಳಿದ ಏಳರಲ್ಲಿ ಪ್ರತಿ ಸದಸ್ಯ ಐವರಿಗೆ ಮತ ಹಾಕಬೇಕು, 40 ಮತ ಬಂದವರು ಒಳಗೆ. 2025ರಲ್ಲಿ ಮ್ಯಾನಿಂಗ್ ಆ ಏಳರಲ್ಲೇ ಇರಲಿಲ್ಲ. ಹಾಗಾಗಿ 40 ಮತದ ಕಠಿಣ ನಿಯಮ ಅವರನ್ನು ಆ ವರ್ಷ ತಡೆಯಿತು ಎನ್ನುವುದಕ್ಕೂ ಬರುವುದಿಲ್ಲ.

ಹುಳುಕಿರುವುದು ಎರಡನೇ ಸಾಲಿನಲ್ಲಿ. ಅಲ್ಲಿ ಹಳೆಯ ಆಟಗಾರರು ಮೂವರು, ಕೋಚ್ ಒಬ್ಬರು, ಮಾಲೀಕ ಅಥವಾ ಆಡಳಿತಗಾರ ಒಬ್ಬರು, ಹೀಗೆ ಐವರನ್ನು ಒಟ್ಟಿಗೆ ನಿಲ್ಲಿಸುತ್ತಾರೆ. ಪ್ರತಿ ಸದಸ್ಯನಿಗೆ ಮೂರೇ ಮತ. ಒಟ್ಟು 150. ಸಮವಾಗಿ ಹಂಚಿದರೆ ತಲಾ 30, ಬೇಕಾದದ್ದು 40. ಐವರೂ ಯೋಗ್ಯರೆಂದು ಐವತ್ತೂ ಜನ ನಂಬಿದರೂ ಇಬ್ಬರನ್ನು ಬಿಡಲೇಬೇಕು. 2024ರವರೆಗೆ ಹೀಗಿರಲಿಲ್ಲ, ಒಬ್ಬೊಬ್ಬರ ಮೇಲೂ ಬೇಕು–ಬೇಡ ಎಂದು ಬೇರೆ ಬೇರೆ ಮತವಿತ್ತು. ನಿಯಮ ಬದಲಾದ 2025ರಲ್ಲಿ ಈ ಸಾಲಿನಿಂದ ದಾಟಿದ್ದು ಸ್ಟರ್ಲಿಂಗ್ ಶಾರ್ಪ್ ಒಬ್ಬರೇ. ಎರಡೂ ಸಾಲು ಸೇರಿ ನಾಲ್ವರು. ಅಷ್ಟು ಚಿಕ್ಕ ತಂಡ 2005ರ ನಂತರ ಬಂದಿರಲಿಲ್ಲ.

2026ರಲ್ಲಿ ಈ ಸಾಲಿನಲ್ಲಿದ್ದವರು ಆಂಡರ್ಸನ್, ಗ್ರೀನ್‌ವುಡ್, ರೋಜರ್ ಕ್ರೇಗ್, ಕೋಚ್ ಬಿಲ್ ಬೆಲಿಚಿಕ್, ಅವರು ಹಿಂದೆ ಕೋಚ್ ಆಗಿದ್ದ ನ್ಯೂ ಇಂಗ್ಲೆಂಡ್ ತಂಡದ ಮಾಲೀಕ ರಾಬರ್ಟ್ ಕ್ರಾಫ್ಟ್. ಗೆದ್ದದ್ದು ಕ್ರೇಗ್ ಮಾತ್ರ. ಒಂದೇ ಸೀಸನ್‌ನಲ್ಲಿ ಓಡಿ ಸಾವಿರ ಗಜ, ಚೆಂಡು ಹಿಡಿದು ಸಾವಿರ ಗಜ ಮುಟ್ಟಿದ ಮೊದಲಿಗ ಅವರು, 1985ರಲ್ಲಿ, ತಕರಾರಿಲ್ಲ. ಆದರೆ ಮುಖ್ಯ ಕೋಚ್ ಆಗಿ ಆರು ಸೂಪರ್ ಬೌಲ್ ಗೆದ್ದ ಬೆಲಿಚಿಕ್‌ಗೆ 40 ಮತ ಸಿಗಲಿಲ್ಲವೆಂದರೆ? ಎದುರಾಳಿಗಳ ಸಂಜ್ಞೆಗಳನ್ನು ವಿಡಿಯೊ ಮಾಡಿಸಿ 2007ರಲ್ಲಿ ದಂಡ ತೆತ್ತದ್ದಕ್ಕೆ ಮುನಿದವರಿರಬಹುದು. ಆದರೆ ಮುನಿಸೇ ಬೇಕಾಗಿಲ್ಲ. ‘ಇವರು ಹೇಗೂ ಗೆಲ್ಲುತ್ತಾರೆ, ನನ್ನ ಮತ ಮತ್ತೆ ಅವಕಾಶ ಸಿಗದ ಮುದುಕರಿಗಿರಲಿ’ ಎಂದು 11 ಜನ ಯೋಚಿಸಿದರೆ ಸಾಕು, ಕೆಲಸ ಕೆಟ್ಟಿತು.

ನಮ್ಮ ಸಕ್ಕರೆ ಕಾರ್ಖಾನೆ, ಪಿಕೆಪಿಎಸ್ (ಊರಿನ ಕೃಷಿ ಪತ್ತಿನ ಸಹಕಾರ ಸಂಘ) ಚುನಾವಣೆ ಕಂಡವರಿಗೆ ಇದು ಬೇಗ ಅರ್ಥವಾಗುತ್ತದೆ. ಒಬ್ಬ ಸದಸ್ಯನಿಗೆ ಹಲವು ಮತ. ಪೆನಲ್ ಕಟ್ಟುವುದು, ಗೆಲ್ಲುವ ಕುದುರೆಯನ್ನು ಬಿಟ್ಟು ಬಡಪಾಯಿಗೆ ಒಂದು ಮತ ಕೊಡುವುದು, ಎಲ್ಲ ಗೊತ್ತಿದ್ದದ್ದೇ. ಆದರೂ ನಾವು ಸಾಮಾನ್ಯ ಸ್ಥಾನ, ಮಹಿಳಾ ಮೀಸಲು, ಹಿಂದುಳಿದ ವರ್ಗದ ಸ್ಥಾನಗಳನ್ನು ಬೇರೆ ಬೇರೆಯಾಗಿಯೇ ಎಣಿಸುತ್ತೇವೆ. ಅವರನ್ನೆಲ್ಲ ಒಂದೇ ಸಾಲಿಗೆ ನಿಲ್ಲಿಸಿ ನೂರಕ್ಕೆ 80 ಮತ ತಾ ಎಂದರೆ ಆಡಳಿತ ಮಂಡಳಿ ರಚನೆಯೇ ಆಗದು. ಹಾಲ್ ಆಫ್ ಫೇಮ್ ಇರುವ ಕ್ಯಾಂಟನ್‌ನಲ್ಲೂ ಕೋಚ್‌ಗೆ, ಆಡಳಿತಗಾರರಿಗೆ ಹಳೆಯ ಬೇಕು–ಬೇಡ ಪದ್ಧತಿ ಮರಳಲಿ. 80ರ ಮಿತಿ ಹಾಗೇ ಇರಲಿ, ಅದನ್ನು ಸಡಿಲಿಸುವುದು ಬೇಡ. ಹಳೆಯ ಆಟಗಾರರು ತಮ್ಮೊಳಗೆ ಪೈಪೋಟಿ ಮಾಡಲಿ. ಆಗ ಆಂಡರ್ಸನ್ ಎದುರು ಬೆಲಿಚಿಕ್ ಎಂಬ ಅಸಂಬದ್ಧ ತೂಕ ಹಾಕುವ ಪ್ರಮೇಯ ಬರುವುದಿಲ್ಲ.

ಇನ್ನೊಂದು ಹೆಸರು. ಓಹಿಯೊ ರಾಜ್ಯದ ಸಣ್ಣ ಊರು ಕ್ಯಾಂಟನ್‌ನಲ್ಲಿ ಈ ಭವನ ಇರುವುದೇ, 1920ರ ಸೆಪ್ಟೆಂಬರ್ 17ರಂದು ಅಲ್ಲಿಯ ರಾಲ್ಫ್ ಹೇ ಎಂಬವರ ಕಾರು ಮಾರಾಟದ ಮಳಿಗೆಯಲ್ಲಿ ತಂಡಗಳವರು ಸೇರಿ ಲೀಗ್ ಹುಟ್ಟುಹಾಕಿದರು ಎಂಬ ಕಾರಣಕ್ಕೆ. 2025ರ ಐವರಲ್ಲಿ ಆ ರಾಲ್ಫ್ ಹೇ ಕೂಡ ಇದ್ದರು. ಅವರಿಗೂ 40 ಮತ ಬೀಳಲಿಲ್ಲ. ಮುಂದಿನ ಸಲ ಈ ಸುದ್ದಿ ಹಾಕುವಾಗ ಎರಡನೇ ಸಾಲಿನ ಐವರ ಹೆಸರನ್ನೂ ದಯವಿಟ್ಟು ಅಚ್ಚುಹಾಕಿ.

– ಓರ್ವ ಓದುಗ, ಟಿಳಕವಾಡಿ, ಬೆಳಗಾವಿ