ಕೊಡಚಾದ್ರಿಗೆ ಹೊರಡುವ ಮುಂಚೆ

ಚಿರಂಜೀವಿ ಪುಟ್ಟನಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಕ್ಷೇಮ. ಮೊನ್ನೆ ನಿಮ್ಮಮ್ಮ ಫೋನಿನಲ್ಲಿ ಹೇಳಿದಳು, ನೀನೂ ನಿನ್ನ ಆಫೀಸಿನ ನಾಲ್ವರು ಗೆಳೆಯರೂ ಸೇರಿ ಹೈಸ್ಕೂಲಿನ 40 ಮಕ್ಕಳನ್ನು ಡಿಸೆಂಬರ್‌ನಲ್ಲಿ ಕೊಡಚಾದ್ರಿಗೆ ಕರೆದುಕೊಂಡು ಹೋಗಲು ಒಪ್ಪಿದ್ದೀರಂತೆ. ರಜೆ ಹಾಕಿ, ಕೈಯಿಂದ ದುಡ್ಡು ಹಾಕಿಕೊಂಡು. ಕೇಳಿ ತುಂಬ ಸಂತೋಷವಾಯಿತು. ಆಮೇಲೆ ಕೇಳಿದೆ, ಇವರಿಗೆ ಯಾರಾದರೂ ತರಬೇತಿ ಕೊಟ್ಟಿದ್ದಾರಾ ಅಂತ. "ಅದೆಲ್ಲ ಯಾಕಕ್ಕಾ, ಅವನು ಎಷ್ಟು ಬೆಟ್ಟ ಹತ್ತಿಲ್ಲ" ಅಂದಳು. ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಅದಕ್ಕೇ ಈ ಕಾಗದ.

ನೀನು ಬೆಟ್ಟ ಚೆನ್ನಾಗಿ ಹತ್ತುತ್ತೀಯ. ಆದರೆ ತಾನು ಹತ್ತುವುದು ಬೇರೆ, ಹದಿಮೂರು ಹದಿನಾಲ್ಕು ವಯಸ್ಸಿನವರನ್ನು ಹತ್ತಿಸಿ, ಇಳಿಸಿ, ಅವರವರ ಮನೆಗೆ ಮುಟ್ಟಿಸುವುದು ಬೇರೆ. ಇದು ನನಗೆ ಹೇಗೆ ಗೊತ್ತಾಯಿತು ಅನ್ನುವುದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

1986ರಲ್ಲಿ ನಾನು ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು. ಎಂಟನೇ ಕ್ಲಾಸಿನ 32 ಹುಡುಗಿಯರನ್ನು ದೇವರಾಯನದುರ್ಗಕ್ಕೆ ಕರೆದುಕೊಂಡು ಹೋದೆವು. ನಾನು, ಇನ್ನೊಬ್ಬರು ಟೀಚರ್. ಮಕ್ಕಳು ಅಂದರೆ ನನಗೆ ಪ್ರಾಣ. ಅಷ್ಟಿದ್ದರೆ ಸಾಕು ಅಂದುಕೊಂಡಿದ್ದೆ. ಇಳಿಯುವಾಗ ಹಾಡು, ನಗು. ಇಬ್ಬರೂ ಟೀಚರು ಮುಂದೆಯೇ ಇದ್ದೆವು. ಹಿಂದೆ ಯಾರೂ ಇರಲಿಲ್ಲ. ಬಸ್ಸಿನಲ್ಲಿ ಎಣಿಸಿದರೆ 31. ಮತ್ತೆ ಎಣಿಸಿದೆ. 31.

ಅವಳು ಸಿಕ್ಕಾಗ ಹೊತ್ತು ಮುಳುಗುತ್ತಿತ್ತು. ಚಪ್ಪಲಿಯ ಉಂಗುಟ ಕಿತ್ತು ಹೋಗಿತ್ತು. ಅದನ್ನು ಸರಿಮಾಡಿಕೊಳ್ಳಲು ಕೂತಿದ್ದಾಳೆ, ತಲೆ ಎತ್ತಿದರೆ ಯಾರೂ ಇಲ್ಲ. ಗಾಬರಿಯಲ್ಲಿ ಬೇರೆ ದಾರಿ ಹಿಡಿದು, ಕಾಲು ಉಳುಕಿಸಿಕೊಂಡು ಬಂಡೆಯ ಕೆಳಗೆ ಕೂತಿದ್ದಳು. ಕೈಯಲ್ಲಿ ಆ ಚಪ್ಪಲಿ ಹಾಗೇ ಇತ್ತು. "ಕೂಗಿದೆ ಮಿಸ್, ನಿಮಗೆ ಕೇಳಿಸಲಿಲ್ಲ" ಅಂದಳು. ಬೈಯಲಿಲ್ಲ, ಅಳಲಿಲ್ಲ. ಆ ಮಾತು ಇವತ್ತಿಗೂ ನನಗೆ ಕೇಳಿಸುತ್ತದೆ.

ಮುಂದಿನ ಬೇಸಿಗೆಯಲ್ಲಿ ಸ್ಕೌಟ್ಸ್ ಮತ್ತು ಗೈಡ್ಸ್‌ನ ಗೈಡ್ ಕ್ಯಾಪ್ಟನ್, ಅಂದರೆ ಹುಡುಗಿಯರ ದಳ ನಡೆಸುವವರ, ತರಬೇತಿಗೆ ದೊಡ್ಡಬಳ್ಳಾಪುರಕ್ಕೆ ಹೋದೆ. ಅಲ್ಲಿದ್ದ ಹಿರಿಯ ತರಬೇತುದಾರರೊಬ್ಬರು ನಾವು ಊಟ ಮಾಡುತ್ತಿದ್ದರೂ, ಡೇರೆ ಕಟ್ಟುತ್ತಿದ್ದರೂ ಇದ್ದಕ್ಕಿದ್ದಂತೆ ಕೇಳೋರು, "ನಿಮ್ಮ ಗುಂಪಿನಲ್ಲಿ ಈಗ ಎಷ್ಟು ಜನ ಇದ್ದಾರೆ? ಇಲ್ಲದವರು ಎಲ್ಲಿದ್ದಾರೆ?" ಮೊದಲೆರಡು ದಿನ ಒಮ್ಮೆಯೂ ಸರಿಯಾಗಿ ಹೇಳಲಾಗಲಿಲ್ಲ. ಮೂರನೇ ದಿನಕ್ಕೆ ಕಣ್ಣು ತಾನಾಗಿ ಎಣಿಸತೊಡಗಿತು. ಮುಂದೊಬ್ಬರು, ಕೊನೆಗೊಬ್ಬರು ದೊಡ್ಡವರು. ಆ ಕೊನೆಯವರಿಗಿಂತ ಹಿಂದೆ ಯಾವ ಮಗುವೂ ಉಳಿಯುವಂತಿಲ್ಲ. ಮಕ್ಕಳಿಗೆಲ್ಲ ಜೋಡಿ. ನಿಧಾನ ನಡೆಯುವ ಮಗುವನ್ನು ಮುಂದೆ ಬಿಟ್ಟು ಉಳಿದವರು ಅದರ ಹೆಜ್ಜೆಗೆ ನಡೆಯಬೇಕು. ಎಷ್ಟು ಸಣ್ಣ ವಿಷಯ ನೋಡು. ಆದರೂ ನನಗೆ ಹೊಳೆದಿರಲಿಲ್ಲ.

ಒಂದು ಮಧ್ಯಾಹ್ನ ಆ ತರಬೇತುದಾರರೇ ಹುಲ್ಲಿನ ಮೇಲೆ ಬಿದ್ದು "ಕೈ ಮುರೀತು" ಅಂತ ನರಳಿದರು. ಸುಳ್ಳು ಅಂತ ಗೊತ್ತಿದ್ದರೂ ನನ್ನ ಕೈ ನಡುಗಿತು. ಕೊರಳಿನ ಸ್ಕಾರ್ಫ್ ಬಿಚ್ಚಿ ಜೋಲಿ ಕಟ್ಟಬೇಕು. ಅದು ಮೂರು ಮೂಲೆಯ ಬಟ್ಟೆ, ಅಂದಕ್ಕೆ ಮಾತ್ರ ಹಾಕೋದಲ್ಲ. ಗಂಟು ತಪ್ಪಿತು. ನಾಲ್ಕು ಸಲ ಮಾಡಿಸಿದರು. ವರ್ಷಗಳ ನಂತರ ಒಂದು ಶಿಬಿರದಲ್ಲಿ ನಿಜವಾಗಿ ಒಬ್ಬಳು ಬಿದ್ದಾಗ, ನಾನು ಯೋಚನೆ ಮಾಡುವ ಮೊದಲೇ ಕೈ ಗಂಟು ಹಾಕಿ ಮುಗಿಸಿತ್ತು.

ಸ್ಕೌಟ್ ಚಳವಳಿ ಹುಟ್ಟುಹಾಕಿದ ಬೇಡನ್ ಪೊವೆಲ್ 1907ರಲ್ಲಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು 20 ಹುಡುಗರ ಶಿಬಿರ ಮಾಡಿದರು ಅಂತ ಎಲ್ಲರೂ ಹೇಳುತ್ತಾರೆ. ಅದಾಗಿ 12 ವರ್ಷಕ್ಕೆ, 1919ರಲ್ಲಿ, ಗಿಲ್ವೆಲ್ ಪಾರ್ಕಿನಲ್ಲಿ ದೊಡ್ಡವರನ್ನೇ ಕೂರಿಸಿ ಕಲಿಸಲು ಶುರುಮಾಡಿದ್ದನ್ನು ಯಾರೂ ಹೇಳುವುದಿಲ್ಲ. ನನಗೆ ಅದೇ ದೊಡ್ಡ ಕೆಲಸ ಅನ್ನಿಸುತ್ತದೆ. ನನ್ನ ಕೊರಳ ದಾರದಲ್ಲಿದ್ದ ಎರಡು ಮರದ ಮಣಿ ನೀನು ಚಿಕ್ಕವನಿದ್ದಾಗ ಹಿಡಿದು ಎಳೆಯುತ್ತಿದ್ದೆಯಲ್ಲ, ಅದು ಆ ತರಬೇತಿಯ ಗುರುತು.

ಈಗ ನಿನ್ನ ವಿಷಯ. ಡಿಸೆಂಬರ್ ಅಂದರೆ ಮಲೆನಾಡಿನಲ್ಲಿ ಮಂಗನ ಕಾಯಿಲೆ ಶುರುವಾಗುವ ಕಾಲ. 1957ರಲ್ಲಿ ಅದನ್ನು ಮೊದಲು ಕಂಡದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ನೀನು ಹೋಗುತ್ತಿರುವುದೂ ಶಿವಮೊಗ್ಗ ಜಿಲ್ಲೆಗೇ. ಉಣುಗು ಕಚ್ಚಿ ಬರುತ್ತದೆ. ಮಕ್ಕಳು ದಣಿದಾಗ ಎಲ್ಲಿ ಕೂರುತ್ತಾರೆ ಹೇಳು? ತರಗೆಲೆಯ ಮೇಲೆ. ಈ ವರ್ಷ ಎಲ್ಲಿ ಕಾಯಿಲೆ ಕಾಣಿಸಿದೆ ಅಂತ ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲೇ ಕೇಳು. ಉಣುಗು ಹತ್ತದ ಹಾಗೆ ಮೈಗೆ ಹಚ್ಚಿಕೊಳ್ಳುವ ಡೇಪಾ ಎಣ್ಣೆ ಬಗ್ಗೆಯೂ ವಿಚಾರಿಸು. ಹೋಗಿ ಬಂದ ಮೇಲೆ ಯಾರಿಗೆ ಜ್ವರ ಬಂದರೂ ಕಾಡಿಗೆ ಹೋಗಿದ್ದೆವು ಅಂತ ಡಾಕ್ಟರಿಗೆ ಹೇಳಬೇಕು. ಇದನ್ನು ತಂದೆತಾಯಿಗೆ ತಿಳಿಸುವುದು ನಿಮ್ಮ ಕೆಲಸ. ಹಾವು ಕಚ್ಚಿದರೆ ಕೊಯ್ಯಬಾರದು, ಹೀರಬಾರದು, ಹಗ್ಗ ಬಿಗಿಯಬಾರದು. ಕಚ್ಚಿದ ಕೈಕಾಲು ಅಲುಗಾಡದ ಹಾಗೆ ಇಟ್ಟು ಬೇಗ ಆಸ್ಪತ್ರೆಗೆ ಸೇರಿಸಬೇಕು. 108ಕ್ಕೆ ಫೋನ್ ಮಾಡಲು ದಾರಿಯಲ್ಲಿ ಎಲ್ಲೆಲ್ಲಿ ಸಿಗ್ನಲ್ ಸಿಗುತ್ತದೆ ಅಂತ ಮೊದಲೇ ಒಮ್ಮೆ ನಡೆದು ನೋಡಿ ಬನ್ನಿ. ಮಕ್ಕಳಿಲ್ಲದೆ, ನೀವು ಐವರೇ.

ನೀರಿನ ವಿಷಯ ಮಾತ್ರ ಒತ್ತಿ ಹೇಳುತ್ತೇನೆ. ಹಿಡ್ಲುಮನೆ ಜಲಪಾತದ ದಾರಿಯಲ್ಲಿ ಹೋದರೆ ಮಕ್ಕಳು ನೀರಿಗಿಳಿಯಬೇಕು ಅಂತ ಹಟ ಮಾಡುತ್ತಾರೆ. 2024ರ ಡಿಸೆಂಬರ್‌ನಲ್ಲಿ ಶಾಲೆಯ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುರುಡೇಶ್ವರದ ಕಡಲಿನಲ್ಲಿ ಹೋಗಿಬಿಟ್ಟರು. ಆ ಸುದ್ದಿ ಬಂದ ದಿನ ನನಗೆ ಊಟ ಸೇರಲಿಲ್ಲ. ಮಕ್ಕಳು ಬೇಜಾರು ಮಾಡಿಕೊಳ್ಳಲಿ, ನಿನ್ನನ್ನು ಕೆಟ್ಟವನು ಅನ್ನಲಿ. ಬೇಡ ಅಂದರೆ ಬೇಡ. ಹಾಗೆ ಹೇಳುವ ಗಟ್ಟಿತನ ಹುಟ್ಟಿನಿಂದ ಬರುವುದಿಲ್ಲ ಪುಟ್ಟಾ. ಮೊದಲೇ ಐವರೂ ಕೂತು ಮಾತಾಡಿ, ಯಾವ ಹೊತ್ತಿಗೆ ಎಲ್ಲಿದ್ದರೂ ವಾಪಸ್ ತಿರುಗಬೇಕು ಅಂತ ಗೊತ್ತುಮಾಡಿಕೊಂಡಿದ್ದರೆ ಬರುತ್ತದೆ.

ಇನ್ನೊಂದು. ಆ 40ರಲ್ಲಿ ಹುಡುಗಿಯರೂ ಇದ್ದಾರೆ, ಅಲ್ವಾ? ನಿಮ್ಮ ಐವರಲ್ಲಿ ಹೆಣ್ಣುಮಗಳು ಒಬ್ಬಳೂ ಇಲ್ಲ. ಯಾರಿಗೋ ಮುಟ್ಟಾದರೆ ಯಾರ ಹತ್ತಿರ ಹೇಳಬೇಕು? ಇಬ್ಬರು ಮಹಿಳೆಯರು ಬರಲೇಬೇಕು, ಅವರಿಗೂ ತರಬೇತಿ ಆಗಿರಬೇಕು. ಯಾವ ದೊಡ್ಡವರೂ ಯಾವ ಮಗುವಿನ ಜೊತೆಯೂ ಮರೆಯಲ್ಲಿ ಒಂಟಿಯಾಗಿ ಇರಬಾರದು. ನಿನ್ನ ಮೇಲೆ ಅನುಮಾನದಿಂದ ಹೇಳುತ್ತಿಲ್ಲ. ಈ ನಿಯಮ ನನಗೂ ಇತ್ತು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆ ಓದಿಕೋ. ಮಗು ಅಂಥದ್ದೇನಾದರೂ ಹೇಳಿಕೊಂಡರೆ ಸುಮ್ನೆ ಇರುವುದೂ ಅದರಲ್ಲಿ ತಪ್ಪು.

ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುವ ಮಗು ಪ್ರತಿ ಶಿಬಿರದಲ್ಲೂ ಒಂದಿರುತ್ತದೆ. ಇದನ್ನು ನಿಮಗೆ ಯಾರೂ ಹೇಳಿರುವುದಿಲ್ಲ. ಒಂದು ಜೊತೆ ಬಟ್ಟೆ, ಒಂದು ಹೊದಿಕೆ ಜಾಸ್ತಿ ಇರಲಿ. ಬೆಳಗಾಗುವ ಮುಂಚೆ, ಸದ್ದಿಲ್ಲದೆ ಬದಲಾಯಿಸಿಬಿಡಿ.

ಡಿಸೆಂಬರ್‌ಗೆ ಇನ್ನೂ ಮೂರು ತಿಂಗಳಿದೆ. ರೆಡ್ ಕ್ರಾಸ್‌ನವರೂ ಸೇಂಟ್ ಜಾನ್ ಆಂಬ್ಯುಲೆನ್ಸ್‌ನವರೂ ಪ್ರಥಮ ಚಿಕಿತ್ಸೆ ಕಲಿಸುತ್ತಾರೆ. ಐವರೂ ಸೇರಿಕೊಳ್ಳಿ. ಅಷ್ಟರಲ್ಲಿ ಆಗದಿದ್ದರೆ ದಿನ ಮುಂದೆ ಹಾಕು. ಇಲ್ಲವಾದರೆ ಮೊದಲ ಸಲ 15 ಮಕ್ಕಳು ಸಾಕು. ಹೆಡ್‌ಮಾಸ್ಟರಿಗೆ ಹೇಳಲು ಸಂಕೋಚವಾದರೆ ನನ್ನ ನಂಬರ್ ಕೊಡು, ನಾನು ಮಾತಾಡುತ್ತೇನೆ.

ಇದರ ಜೊತೆ ನನ್ನ ಹಳೆಯ ಸ್ಕಾರ್ಫ್ ಕಳಿಸುತ್ತಿದ್ದೇನೆ. ಒಂದು ಮೂಲೆಯಲ್ಲಿ ಹೊಲಿಗೆ ಬಿಟ್ಟಿದೆ, ಬಟ್ಟೆ ಇನ್ನೂ ಗಟ್ಟಿಯಾಗಿದೆ. ಭಾನುವಾರ ಬೆಳಗ್ಗೆ ವಿಡಿಯೊ ಕಾಲ್ ಮಾಡು, ಜೋಲಿ ಕಟ್ಟುವುದನ್ನು ತೋರಿಸುತ್ತೇನೆ. ಕೈ ಮುರಿದವನ ಹಾಗೆ ಕೂರಲು ಗೆಳೆಯನೊಬ್ಬನನ್ನು ಪಕ್ಕದಲ್ಲಿ ಇಟ್ಟುಕೊಂಡಿರು. ನಾಲ್ಕು ಸಲ ಮಾಡಿಸುತ್ತೇನೆ.

ನಿನ್ನ ಪ್ರೀತಿಯ,
ದೊಡ್ಡಮ್ಮ