ತುಂಗೆ ದಂಡೆಲಿ ನಿಂತು ಬಾಟ್ಲಿ ನೀರು

ಸಂಪಾದಕರಿಗೆ ನಮಸ್ಕಾರ,

ಬೇಸಿಗೆ ಬಂತು ಅಂದ್ರೆ ಪೇಪರ್ ತುಂಬಾ ಯುರೋಪ್ ಟೂರಿನ ಜಾಹೀರಾತು, ಹತ್ತು ದಿನಕ್ಕೆ ಎಂಟು ದೇಶ ಅಂತ. ಹೋದ ವರ್ಷ ನಾನೂ ನಮ್ಮಕ್ಕನೂ ಅದೇ ಹತ್ತು ದಿನಕ್ಕೆ ಮೂರೇ ಊರು ಇಟ್ಕೊಂಡು ಹೋಗ್ಬಂದ್ವಿ, ಪ್ಯಾರಿಸ್, ವಿಯೆನ್ನಾ, ರೋಮ್. ಇಬ್ರೂ ಐವತ್ತು ದಾಟಿದೋರು, ಅವಳು ಶಿವಮೊಗ್ಗದಲ್ಲಿ, ನಾನು ತೀರ್ಥಹಳ್ಳಿ ಹತ್ರ, ಮದ್ವೆ ಆದ್ಮೇಲೆ ಒಂದು ವಾರ ಒಟ್ಟಿಗೆ ಇದ್ದಿದ್ದೇ ಇಲ್ಲ. ಆದ್ರೆ ನಾನು ಬರೀತಿರೋದು ಟೂರಿನ ಕಥೆ ಅಲ್ಲ, ನೀರಿನ ವಿಷ್ಯ.

ಅಲ್ಲಿ ಒಂದು ಬಾಟ್ಲಿ ನೀರಿಗೆ ಎರಡು ಮೂರು ಯೂರೋ ಅಂತ ಯಾರೋ ಅಕ್ಕನ ತಲೆಗೆ ಹಾಕಿದ್ರು. "ನೀರಿಗೆ ಇನ್ನೂರು ಮುನ್ನೂರು ರೂಪಾಯಿ ಕೊಡೋಕೆ ನಂಗೇನು ಹುಚ್ಚಾ" ಅಂತ ಎರಡು ಸ್ಟೀಲ್ ಬಾಟ್ಲಿ ಬ್ಯಾಗಿಗೆ ತುರುಕಿದ್ಲು. ಪ್ಯಾರಿಸ್ಸಲ್ಲಿ ಒಂದು ಕಡೆ ಹಸಿರು ಬಣ್ಣದ ಕಬ್ಬಿಣದ ಮಂಟಪ, ನಾಲ್ಕು ಹೆಂಗಸ್ರು ಅದರ ಮಾಡು ಹೊತ್ಕೊಂಡು ನಿಂತಿರೋದು, ಏನೋ ಸ್ಮಾರಕ ಅಂತ ನಾವು ಫೋಟೋ ತೆಗಿತಾ ಇದ್ರೆ ಒಬ್ಬ ಹುಡುಗ ಬಂದು ಬಾಟ್ಲಿ ಹಿಡಿದು ತುಂಬಿಸ್ಕೊಂಡು ಹೋದ! ರಿಚರ್ಡ್ ವಾಲೇಸ್ ಅನ್ನೋ ಇಂಗ್ಲಿಷಿನವನು 1872ರಲ್ಲಿ ಜನಕ್ಕೆ ಕುಡಿಯೋಕೆ ಅಂತ ಮಾಡ್ಸಿದ್ದಂತೆ.

ವಿಯೆನ್ನಾದಲ್ಲಿ ಹೋಟೆಲಿನಾಕೆ ಹತ್ರ ಕುಡಿಯೋ ನೀರು ಕೇಳಿದ್ರೆ ಸೀದಾ ಬಾತ್‌ರೂಮಿನ ನಲ್ಲಿಯನ್ನ ತೋರ್ಸಿದ್ಲು. ಅಕ್ಕನಿಗೆ ಸಿಟ್ಟು, "ಬಚ್ಚಲ ನೀರು ಕುಡಿ ಅಂತಾಳಲ್ಲೇ ಮಾರಾಯ್ತಿ!" ಅಂತ. ಬೇರೆ ದಾರಿ ಇಲ್ದೆ ಒಂದು ಗುಟುಕು ಕುಡಿದವಳು ಸುಮ್ನಾಗ್ಬಿಟ್ಲು, ಆಮೇಲೆ ಲೋಟ ಪೂರ್ತಿ ಖಾಲಿ ಮಾಡಿ "ಅಜ್ಜನ ಮನೆ ಅಬ್ಬಿ ನೀರು ಕಣೇ" ಅಂದ್ಲು, ಗುಡ್ಡದಿಂದ ಹರಿದು ಬರೋ ನೀರಿಗೆ ನಾವು ಅಬ್ಬಿ ಅನ್ನೋದು. ವಿಯೆನ್ನಾದ್ದು ಆಲ್ಪ್ಸ್ ಬೆಟ್ಟದ ಒರತೆ ನೀರು. ಒಂದು ಲೈನ್ 1873ರಲ್ಲಿ, ಇನ್ನೊಂದು 1910ರಲ್ಲಿ ಆಗಿದ್ದು, ನೂರು ಕಿಲೋಮೀಟರಿಗಿಂತ ಹೆಚ್ಚು ದೂರದಿಂದ ಪಂಪೇ ಇಲ್ದೆ ಬರೀ ಇಳಿಜಾರಲ್ಲೇ ಊರಿಗೆ ಹರ್ಕೊಂಡು ಬರತ್ತೆ. ನಮ್ಮ ಅಜ್ಜ ಮಾಡಿದ್ದೂ ಅದೇ ತಾನೆ, ಗುಡ್ಡದ ಒರತೆಯಿಂದ ಅಡಿಕೆ ಮರ ಸೀಳಿ ತಿರುಳು ತೆಗೆದ ದಂಬೆ ಒಂದಕ್ಕೊಂದು ಜೋಡಿಸಿ ಹಿತ್ತಲ ಬಾನಿ ತನಕ ನೀರು ತಂದಿದ್ರು, ಹಗಲು ರಾತ್ರಿ ಸುರೀತಾನೇ ಇರ್ತಿತ್ತು, ದಂಬೆಗೆ ತರಗೆಲೆ ಕಟ್ಕೊಂಡ್ರೆ ತೆಗೆಯೋಕೆ ಗುಡ್ಡ ಹತ್ತೋದು ನಮ್ಮಿಬ್ರ ಕೆಲ್ಸ.

ರೋಮಲ್ಲಂತೂ ಬೀದಿ ಬೀದಿಗೂ ಮೂಗಿನ ಥರ ಬಾಗಿದ ಕೊಳವೆ, ಹೆಸರೂ 'ನಾಸೋನೆ', ದೊಡ್ಡ ಮೂಗು ಅಂತ. ಕೆಳಗಡೆ ನೀರು ಬೀಳೋ ತುದಿಗೆ ಬೆರಳಿಟ್ಟು ಒತ್ತಿದ್ರೆ ಮೇಲಿನ ತೂತಿಂದ ಕಾರಂಜಿ ಹಾಗೆ ಚಿಮ್ಮತ್ತೆ, ಬಾಯಿ ಹಿಡಿದ್ರೆ ಆಯ್ತು. ಅಕ್ಕ ಜೋರಾಗಿ ಒತ್ತಿ ನನ್ನ ಚೂಡಿದಾರ ಕನ್ನಡಕ ಎಲ್ಲಾ ತೋಯ್ಸಿ ನಕ್ಕಿದ್ದೇ ನಕ್ಕಿದ್ದು. ಹತ್ತು ದಿನದಲ್ಲಿ ನೀರಿಗೆ ನಮ್ಮ ಖರ್ಚು ಸೊನ್ನೆ.

ವಾಪಸ್ ಬಂದು ನಮ್ಮ ಕಡೆದೇ ಒಂದು ಬಸ್‌ಸ್ಟ್ಯಾಂಡಲ್ಲಿ ಇಳಿದ್ವಿ, ಊರಿನ ಹೆಸರು ಬೇಡ. ನೀರಿನ ತೊಟ್ಟಿ ಇತ್ತು, ನಲ್ಲಿ ಮುರ್ದು ಗೋಣಿದಾರ ಸುತ್ತಿದ್ರು, ಒಳಗೆ ಪಾಚಿ. ಅಂಗಡಿಗೆ ಹೋಗಿ ಇಪ್ಪತ್ತು ರೂಪಾಯಿ ಕೊಟ್ಟು ಬಾಟ್ಲಿ ತಗೊಂಡ್ವಿ. ಕೂಗಳತೆ ದೂರದಲ್ಲಿ ತುಂಗೆ! ಗಂಗಾ ಸ್ನಾನ ತುಂಗಾ ಪಾನ ಅಂತ ಊರಿಗೆಲ್ಲ ಹೇಳ್ಕೊಂಡು ತಿರುಗೋರು ನಾವು. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮೇಲೆ ಮಳೆ ಹೊಯ್ಯೋ ಆಗುಂಬೆ ಇರೋ ಸೀಮೆ ಇದು. ಹೊಳೆ ನೀರನ್ನ ಹಾಗೇ ಎತ್ತಿ ಕುಡೀರಿ ಅಂತ ನಾನು ಹೇಳ್ತಿಲ್ಲ, ಶುದ್ಧ ಮಾಡಿ ಮನೆಮನೆಗೆ ಬಿಡ್ತಾರಲ್ಲ, ಅದೇ ಪೈಪಿಂದ ಬಸ್‌ಸ್ಟ್ಯಾಂಡಿಗೆ, ಟೂರಿಸ್ಟ್ ಜಾಗಕ್ಕೆ ಎರಡೆರಡು ಗಟ್ಟಿ ನಲ್ಲಿ ಹಾಕಿ, ವಾರಕ್ಕೊಂದು ಸಲ ತೊಳೆಯೋಕೆ ಒಬ್ರನ್ನ ಗೊತ್ತು ಮಾಡ್ಲಿ. ಮಂಟಪ, ಹೆಂಗಸರ ಗೊಂಬೆ ಏನೂ ಬೇಡ. ಸಂಬಂಧಪಟ್ಟೋರು ಈ ಮಳೆಗಾಲಕ್ಕೆ ಮುಂಚೆ ಆ ಮುರಿದ ನಲ್ಲಿ ಒಂದನ್ನಾದ್ರೂ ಬದಲಾಯಿಸ್ಲಿ, ಅಕ್ಕ ಬಾಟ್ಲಿ ತಗೊಂಡು ನೋಡೋಕೆ ಹೋಗ್ತಾಳಂತೆ.

– ಓದುಗಳೊಬ್ಬಳು, ತೀರ್ಥಹಳ್ಳಿ ತಾಲ್ಲೂಕು