ವೇಣೂರಿಗೆ ಇಪ್ಪತ್ತು ನಿಮಿಷ ಸಾಲದು

ಮಾನ್ಯ ಸಂಪಾದಕರೇ,

ರಜೆ ಹತ್ತಿರ ಬಂತೆಂದರೆ ನಮ್ಮ ಬೆಂಗಳೂರಿನ ಬಡಾವಣೆಗಳಲ್ಲಿ ಟೆಂಪೋ ಟ್ರಾವೆಲರ್ ಯಾತ್ರೆಯ ಕರಪತ್ರಗಳು ಮನೆ ಬಾಗಿಲಿಗೇ ಬರುತ್ತವೆ. ಧರ್ಮಸ್ಥಳ, ಕುಕ್ಕೆ, ಹೊರನಾಡು, ಶೃಂಗೇರಿ, ಎಲ್ಲಾ ಎರಡೇ ದಿನದಲ್ಲಿ. ಕೆಲವರು ಈ ಪಟ್ಟಿಗೆ ದಕ್ಷಿಣ ಕನ್ನಡದ ಜೈನ ಕ್ಷೇತ್ರ ವೇಣೂರನ್ನೂ ಸೇರಿಸುತ್ತಾರೆ. ಒಳ್ಳೆಯದೇ. ಆದರೆ ಅಲ್ಲಿ ಗಾಡಿ ನಿಲ್ಲುವುದು ಇಪ್ಪತ್ತು ನಿಮಿಷ ಮಾತ್ರ. ನನ್ನ ಈ ಪತ್ರ ಅದರ ಬಗ್ಗೆಯೇ.

ನಾನು ಹನುಮಂತನಗರದವಳು. ಕಳೆದ ಚಳಿಗಾಲದಲ್ಲಿ ಎದುರುಮನೆ ಅಕ್ಕನ ಜೊತೆ ಇಂಥದ್ದೇ ಒಂದು ಯಾತ್ರೆಗೆ ಹೋಗಿದ್ದೆ. ಅವರು ಜೈನರು. ನಮ್ಮದು ಶಿವಭಕ್ತರ ಮನೆತನ. ಅಕ್ಕನಿಗೆ ಎಪ್ಪತ್ತು ದಾಟಿದೆ, ಎರಡೂ ಮಂಡಿ ಸವೆದಿದೆ. ಶ್ರವಣಬೆಳಗೊಳದ ಬೆಟ್ಟಕ್ಕೆ ಆರುನೂರಕ್ಕೂ ಜಾಸ್ತಿ ಮೆಟ್ಟಿಲು, ಅವರು ಅದನ್ನು ಹತ್ತಿ ಎಷ್ಟೋ ವರ್ಷವಾಯಿತು. ಡೋಲಿಯಲ್ಲಿ ಕೂರಲು ಅವರ ಮನಸ್ಸು ಒಪ್ಪುವುದಿಲ್ಲ. ಕಾರ್ಕಳದ ಗೊಮ್ಮಟನೂ ಬಂಡೆಯ ಮೇಲೆಯೇ ಇದ್ದಾನೆ. ವೇಣೂರಿನಲ್ಲಿ ಹಾಗಿಲ್ಲ. ಫಲ್ಗುಣಿ ನದಿಯ ದಂಡೆಯ ಈ ಪುಟ್ಟ ಊರಿನಲ್ಲಿ ಬೆಟ್ಟ ಹತ್ತುವ ಕೆಲಸವೇ ಇಲ್ಲ. ಕೋಲೂರಿಕೊಂಡು ನಡೆದು ಬಂದವರೂ ಬಾಹುಬಲಿಯ ಎದುರು ನಿಲ್ಲಬಹುದು. ಮಂಡಿನೋವಿನ ಹಿರಿಯರಿಗೆ ಇದು ಎಷ್ಟು ದೊಡ್ಡ ಮಾತು ಅಂತ ಅಕ್ಕನ ಮುಖ ನೋಡಿದ ಮೇಲೆ ನನಗೆ ಗೊತ್ತಾಯಿತು.

ಅವರು ಅಲ್ಲೇ ಕುಳಿತು ಜಪ ಶುರು ಮಾಡಿದರು. ಅಷ್ಟರಲ್ಲಿ ಹಾರ್ನ್ ಕೇಳಿಸಿತು. "ಬನ್ನಿ ಅಮ್ಮಾ, ಟೈಮ್ ಆಯ್ತು" ಎಂದು ಡ್ರೈವರ್ ಕರೆದರು. ತಪ್ಪು ಅವರದ್ದಲ್ಲ, ಅವರಿಗೆ ಕೊಟ್ಟ ಪಟ್ಟಿಯೇ ಹಾಗಿತ್ತು. ಊರಿನ ಮಹಾಲಿಂಗೇಶ್ವರನ ದರ್ಶನ ನನಗೆ ಆ ದಿನ ಸಿಗಲೇ ಇಲ್ಲ. ರಾತ್ರಿ ಊಟ ಕೊಟ್ಟಿದ್ದು ಒಂಬತ್ತು ಗಂಟೆಗೆ. ಸೂರ್ಯ ಮುಳುಗಿದ ಮೇಲೆ ಅಕ್ಕ ಉಣ್ಣುವುದಿಲ್ಲ. ಜೈನ ಕ್ಷೇತ್ರಕ್ಕೆ ಕರೆದುಕೊಂಡು ಹೋಗುವವರಿಗೆ ಇಷ್ಟೂ ಗೊತ್ತಿರಬಾರದಾ? ಹಗಲು ಕೊಟ್ಟ ಸಾಂಬಾರಿನಲ್ಲೂ ಆಲೂಗಡ್ಡೆ, ಈರುಳ್ಳಿ. ಅಕ್ಕ ಬೆಳಕಿರುವಾಗಲೇ ಬರೀ ಬಾಳೆಹಣ್ಣು ತಿಂದು, ರಾತ್ರಿ ಹಾಗೇ ಮಲಗಿದರು. ಒಂದು ಮಾತೂ ಆಡಲಿಲ್ಲ. ನನಗೇ ಹೊಟ್ಟೆ ಉರಿಯಿತು.

ಆಮೇಲೆ ನಾವಿಬ್ಬರೇ ಮತ್ತೆ ಹೋದೆವು. ರಾತ್ರಿ ಬಸ್ಸಿನಲ್ಲಿ ಮೂಡುಬಿದಿರೆ, ಅಲ್ಲಿಂದ ಖಾಸಗಿ ಬಸ್ಸು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ವೇಣೂರಿನಲ್ಲೇ ಇದ್ದೆವು. ಏನೇನು ತಪ್ಪಿಹೋಗಿತ್ತು ಅಂತ ಆಗ ತಿಳಿಯಿತು.

ಬೆಳಗೊಳದ ಗೊಮ್ಮಟ 58 ಅಡಿ, ಕಾರ್ಕಳದ್ದು 42 ಅಡಿ, ವೇಣೂರಿನದು 35 ಅಡಿ. ಈ ಲೆಕ್ಕ ಹಿಡಿದೇ ಜನ ಇದನ್ನು ಚಿಕ್ಕದು ಅಂತ ಬಿಟ್ಟುಬಿಡುತ್ತಾರೆ. ಆದರೆ ಎತ್ತರ ಕಡಿಮೆ ಇರುವುದರಿಂದಲೇ ಇಲ್ಲಿ ಮುಖ ನಮಗೆ ಹತ್ತಿರ. ಕೆನ್ನೆಯ ಗುಳಿ, ತುಟಿಯಂಚಿನ ಸಣ್ಣ ನಗು ಕೆಳಗೆ ನಿಂತವರಿಗೂ ಕಾಣುತ್ತದೆ. 1604ರಲ್ಲಿ ಇದನ್ನು ನಿಲ್ಲಿಸಿದವನು ವೇಣೂರನ್ನು ಆಳಿದ ಅಜಿಲ ವಂಶದ ಅರಸ ತಿಮ್ಮಣ್ಣ. ಆಗ ಕಾರ್ಕಳದಲ್ಲಿ ಗೊಮ್ಮಟ ನಿಂತು 172 ವರ್ಷವಾಗಿತ್ತು. ಇನ್ನೊಂದು ಎದ್ದರೆ ತಮ್ಮ ಊರಿನ ಹೆಸರು ಮಸುಕಾದೀತು ಅಂತ ಕಾರ್ಕಳದ ಅರಸ ಅಡ್ಡಿ ಮಾಡಿದನಂತೆ. ಮೂರ್ತಿಯನ್ನು ತನಗೇ ಕೊಡು ಎಂದನಂತೆ. ಅಜಿಲ ಅದನ್ನು ಫಲ್ಗುಣಿಯ ಮರಳಿನಲ್ಲಿ ಹೂತಿಟ್ಟು, ಯುದ್ಧ ಗೆದ್ದ ಮೇಲೆ ತೆಗೆದು ನಿಲ್ಲಿಸಿದ ಅಂತ ಕತೆ. ಈ ಕತೆಯನ್ನು ನದಿ ನೋಡಿಕೊಂಡು ಕೇಳಬೇಕು. ಯಾತ್ರೆಯ ಗಾಡಿಯವರು ಯಾರನ್ನೂ ನದಿ ಕಡೆ ಕರೆದುಕೊಂಡೇ ಹೋಗುವುದಿಲ್ಲ.

ಗೊಮ್ಮಟನ ಮುಂದೆ ಎರಡು ಪುಟ್ಟ ಬಸದಿಗಳಿವೆ. ಅಜಿಲನ ರಾಣಿಯರು ಕಟ್ಟಿಸಿದವು. ಹತ್ತಿರದಲ್ಲೇ ಶಾಂತಿನಾಥನ ಕಲ್ಲು ಬಸದಿ. ಹೊತ್ತಿದ್ದರೆ ಎಲ್ಲವನ್ನೂ ನೋಡಬಹುದು.

ಆಮೇಲೆ ಮಹಾಲಿಂಗೇಶ್ವರನ ಗುಡಿಗೆ ಹೋದೆವು. ನಾನು ಬಸದಿಯಲ್ಲಿ ಕೈಮುಗಿದ ಹಾಗೆಯೇ ಅಕ್ಕ ಇಲ್ಲಿ ಕೈಮುಗಿದರು, ಗಂಧ ಪ್ರಸಾದ ತೆಗೆದುಕೊಂಡರು. ತುಳುನಾಡಿನಲ್ಲಿ ಇದು ಹೊಸದಲ್ಲ. ಅಲ್ಲಿನ ಜೈನ ಅರಸರು ಶಿವಾಲಯಕ್ಕೂ ದೈವಗಳಿಗೂ ನಡೆದುಕೊಂಡವರು. ಧರ್ಮಸ್ಥಳದಲ್ಲೇ ನೋಡಿ. ದೇವರು ಮಂಜುನಾಥ, ಪೂಜೆ ಮಾಡುವವರು ವೈಷ್ಣವರು, ಧರ್ಮಾಧಿಕಾರಿಗಳು ಜೈನರು. ಒಂದೇ ಗಾಡಿಯಲ್ಲಿ ಹೋಗುವ ನಮ್ಮ ಮೊಮ್ಮಕ್ಕಳು ಇದನ್ನು ಕಣ್ಣಾರೆ ನೋಡಲಿ ಅಂತ ನನ್ನ ಆಸೆ. ಸುಮ್ನೆ ಫೋಟೋ ತೆಗೆದು ಗಾಡಿ ಹತ್ತಿದರೆ ಇದೆಲ್ಲ ಹೇಗೆ ಕಾಣುತ್ತದೆ?

ವೇಣೂರಿನಲ್ಲಿ 2024ರಲ್ಲಿ ಮಹಾಮಸ್ತಕಾಭಿಷೇಕ ನಡೆಯಿತು. ಹನ್ನೆರಡು ವರ್ಷಕ್ಕೊಮ್ಮೆ ನಡೆಯುವ ಉತ್ಸವ ಅದು. ಹಾಲು, ಎಳನೀರು, ಕಬ್ಬಿನ ಹಾಲು, ಅರಿಶಿನ, ಚಂದನ ಒಂದಾದ ಮೇಲೊಂದು ಮೈಮೇಲೆ ಇಳಿಯುವುದನ್ನು ನೋಡಲು ಆಗ ದೊಡ್ಡ ಜನಸಾಗರ ಸೇರುತ್ತದೆ. ಆದರೆ ವಯಸ್ಸಾದವರಿಗೆ ಆ ನೂಕುನುಗ್ಗಲು ಕಷ್ಟ. ಅವರಿಗೆ ಮಾಮೂಲಿ ದಿನದ ಬೆಳಿಗ್ಗೆಯೇ ವಾಸಿ.

ಹಾಗಾಗಿ ಬೆಂಗಳೂರಿನ ಯಾತ್ರೆ ನಡೆಸುವವರಲ್ಲಿ ನನ್ನ ಕೋರಿಕೆ ಇಷ್ಟು. ಪಟ್ಟಿಯಿಂದ ಒಂದು ಊರು ಬಿಟ್ಟರೂ ಪರವಾಗಿಲ್ಲ, ವೇಣೂರಿಗೆ ಅರ್ಧ ದಿನ ಕೊಡಿ. ಕರಪತ್ರದಲ್ಲಿ ಊರಿನ ಹೆಸರಿನ ಪಕ್ಕದಲ್ಲಿ ಅಲ್ಲಿ ಎಷ್ಟು ಹೊತ್ತು ನಿಲ್ಲುತ್ತೀರಿ ಅನ್ನುವುದನ್ನೂ ಅಚ್ಚು ಹಾಕಿಸಿ. ಹಣ ಕಟ್ಟುವ ಮೊದಲೇ ನಮಗೆ ಗೊತ್ತಾಗಲಿ. ಬುಕಿಂಗ್ ಮಾಡುವಾಗಲೇ ಊಟದ ಪದ್ಧತಿ ಕೇಳಿ. ಜೈನರಿದ್ದರೆ ಸಂಜೆ ಆರಕ್ಕೆ ಮುಂಚೆ ಊಟ ಹಾಕಿಸಿ, ಗೆಡ್ಡೆ ಗೆಣಸು ಬೇಡ. ಹೋಟೆಲಿಗೆ ಮೊದಲೇ ಒಂದು ಫೋನ್ ಮಾಡಿದರೆ ಆಗುವ ಕೆಲಸ ಇದು, ಅಲ್ವಾ?

— ಒಬ್ಬ ನಿವೃತ್ತ ಶಿಕ್ಷಕಿ,
ಹನುಮಂತನಗರ, ಬೆಂಗಳೂರು